ಆರು ಜನ ಇಪ್ಪತ್ತೇಳಾದ ವರ್ಷ

(ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಸಂಗಾತಿಗಳ ಒತ್ತಾಯದ ಮೇಲೆ ಬರೆದುಕೊಟ್ಟದ್ದು.)



ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ನಮ್ಮ ಸಂಘಟನೆಯ ಒಬ್ಬ ಹುಡುಗಿ, ಬಿ.ಕಾಂ. ಮುಗಿಸಿದವಳು, ಸಭೆ ಮುಗಿದ ಮೇಲೆ ಜಮಖಾನ ಮಡಿಸುತ್ತಾ ಮೆಲ್ಲಗೆ ಕೇಳಿದಳು: "ಅಣ್ಣಾ, ಐ.ಐ.ಎಂ. ಪರೀಕ್ಷೆ ಕಟ್ಟಬೇಕು ಅಂತಿದೀನಿ. ಕಟ್ಟಲಾ?" ನಾವು ನಾಲ್ಕೈದು ಜನ ಅಲ್ಲೇ ಟೀ ಕುಡೀತಾ ನಿಂತಿದ್ದೆವು. ನಕ್ಕುಬಿಟ್ಟೆವು. "ಏನವ್ವಾ, ಸಾಹುಕಾರರ ಲೆಕ್ಕ ಬರೆಯೋಕೆ ಹೋಗ್ತೀಯಾ?" ಅಂದೆವು. "ಬಾಬಾಸಾಹೇಬರು ನಮ್ಮನ್ನ ಓದಿ ಅಂದಿದ್ದು ಸೋಪು ಮಾರೋಕಾ?" ಅಂತಲೂ ಒಂದು ಮಾತು ಬಂತು. ಯಾರ ಬಾಯಿಂದ ಬಂತು ಅನ್ನೋದು ಬೇಡ, ನಮ್ಮೆಲ್ಲರ ಬಾಯಿಂದ ಬಂತು ಅಂತಲೇ ಇಟ್ಟುಕೊಳ್ಳೋಣ. ಅವಳು ಜಮಖಾನವನ್ನು ಮೂಲೆಗಿಟ್ಟು ಹೋದಳು. ಎರಡು ತಿಂಗಳು ಸಭೆಗೆ ಬರಲಿಲ್ಲ. ಮೌನದ ಮೇಲೆ, ನೋವಿನ ಮೇಲೆ ಇಷ್ಟುದ್ದ ಪದ್ಯ ಬರೆಯುವ ನಮಗೆ ಅವಳ ಮೌನ ಗೊತ್ತಾಗಲಿಲ್ಲ.

ಆಮೇಲೆ ನಾವು ಓದಿಕೊಂಡೆವು. ಓದಿದ ಮೇಲೆ ನಾಚಿಕೆಯಾಯಿತು. ಆ ಓದಿನ ಕಥೆಯನ್ನೇ ಇವತ್ತು ಹೇಳುತ್ತೇವೆ. ಕಥೆ ನಡೆದದ್ದು ನಮ್ಮ ನೆಲದಲ್ಲಲ್ಲ, ಅಮೆರಿಕದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಪಾರ ಶಾಲೆಯಲ್ಲಿ, 1968ರಲ್ಲಿ.

ಹಾರ್ವರ್ಡ್ ಹಳೆಯ ವಿಶ್ವವಿದ್ಯಾಲಯ, 1636ರದ್ದು. ಅದರ ವ್ಯಾಪಾರ ಶಾಲೆ ಮಾತ್ರ ಹೊಸದು, 1908ರದ್ದು. ಅಲ್ಲಿ ಚಾರ್ಲ್ಸ್ ಅಂತ ಒಂದು ನದಿ ಇದೆ. ವಿಶ್ವವಿದ್ಯಾಲಯ ನದಿಯ ಈಚೆ ದಡದ ಕೇಂಬ್ರಿಡ್ಜ್‌ನಲ್ಲಿ, ವ್ಯಾಪಾರ ಶಾಲೆ ಆಚೆ ದಡದ ಬೋಸ್ಟನ್‌ನಲ್ಲಿ. ನಮ್ಮ ಕಡೆ ಊರಾಚೆ ಇರೋದು ಕೇರಿ. ಅಲ್ಲಿ ನದಿಯಾಚೆ ಇಟ್ಟಿದ್ದು ದೊಡ್ಡ ದೊಡ್ಡ ಕಂಪನಿಗಳ ಯಜಮಾನರನ್ನು ತಯಾರು ಮಾಡುವ ಕಾರ್ಖಾನೆಯನ್ನು. ದೇಶದ ದುಡ್ಡಿನ ಚೀಲದ ದಾರ ಹಿಡಿಯುವವರು ಅಲ್ಲಿಂದ ಬರುತ್ತಿದ್ದರು. ಹೆಂಗಸರಿಗೆ ಆ ಶಾಲೆಯ ಎರಡು ವರ್ಷದ ಎಂ.ಬಿ.ಎ.ಗೆ ಮೊದಲ ವರ್ಷದಿಂದಲೇ ಸೇರುವ ಬಾಗಿಲು ತೆರೆದದ್ದು 1963ರಲ್ಲಿ. ಅಲ್ಲಿಗೆ ಶಾಲೆಗೆ 55 ವರ್ಷ ತುಂಬಿತ್ತು.

ಕರಿಯರಿಗೆ ಬಾಗಿಲು ಮುಚ್ಚಿರಲಿಲ್ಲ. ಇದನ್ನು ಗಮನಿಸಿ. 'ಕರಿಯರು ಬರಬಾರದು' ಅಂತ ಬೋರ್ಡು ಇರಲಿಲ್ಲ. ನಮ್ಮ ಹೋಟೆಲುಗಳಲ್ಲಿ ಈಗ ಬೋರ್ಡು ಇರುತ್ತದೆಯೇ? ಇಲ್ಲ. ಬೋರ್ಡು ತೆಗೆದ ಮೇಲೂ ಯಾರು ಬರಲ್ಲ ಅನ್ನೋದು ಬರುವವರಿಗೂ ಗೊತ್ತು, ಕೂತವರಿಗೂ ಗೊತ್ತು.

ಒಬ್ಬರ ವಿಷಯ ಹೇಳ್ತೀವಿ. ನೇಲರ್ ಫಿಟ್ಸ್‌ಹ್ಯೂ ಅಂತ, ವಾಷಿಂಗ್ಟನ್ನಿನ ಕರಿಯ ಮನುಷ್ಯ. ಹಾರ್ವರ್ಡ್ ಕಾಲೇಜಿನಲ್ಲಿ ಓದಿ, 1933ರಲ್ಲಿ ಅದೇ ವ್ಯಾಪಾರ ಶಾಲೆಯಿಂದ ಎಂ.ಬಿ.ಎ. ಪಡೆದರು. ಜೊತೆಯಲ್ಲಿ ಓದಿದ ಬಿಳಿಯರು ಬ್ಯಾಂಕು, ಕಂಪನಿಗಳ ಕಡೆ ನಡೆದರು. ಇವರನ್ನು ಕರೆಯುವ ಕಂಪನಿ ಇರಲಿಲ್ಲ. ಊರಿಗೆ ವಾಪಸು ಬಂದು ಅಚ್ಚಿನ ಕೆಲಸಕ್ಕೆ ಗಿರಾಕಿ ಹುಡುಕುತ್ತಾ ತಿರುಗಿದರು. ಆಮೇಲೆ ಕರಿಯರ ವಿಶ್ವವಿದ್ಯಾಲಯವಾದ ಹೊವಾರ್ಡ್‌ನಲ್ಲಿ ಮೇಷ್ಟರಾಗಿ ಮೂವತ್ತು ವರ್ಷದ ಮೇಲೆ ಪಾಠ ಹೇಳಿದರು. 1965ರಲ್ಲಿ ಪೆಪ್ಸಿ ಕಂಪನಿ ಅವರನ್ನು ಕರೆದು ಅಧಿಕಾರಿ ಮಾಡಿತು. 1933ರಲ್ಲಿ ಪಡೆದ ಪದವಿಗೆ 1965ರಲ್ಲಿ ಕಂಪನಿಯ ಕುರ್ಚಿ.

ಇದನ್ನು ಓದಿದಾಗ ನಮಗೆ ನೆನಪಾಗಿದ್ದು ಬಾಬಾಸಾಹೇಬರು. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ, ಬಾಬಾಸಾಹೇಬರು 1918ರಲ್ಲಿ ಮುಂಬೈಯ ಸಿಡನ್‌ಹ್ಯಾಂ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅದೂ ವ್ಯಾಪಾರ ಕಲಿಸುವ ಕಾಲೇಜೇ. ಹುಡುಗರು ಅವರ ಪಾಠಕ್ಕೆ ಕಿವಿಗೊಟ್ಟು ಕೂತರು. ಕೆಲವು ಸಹೋದ್ಯೋಗಿಗಳು ಮಾತ್ರ, ಅಧ್ಯಾಪಕರ ಕೊಠಡಿಯ ನೀರಿನ ಪಾತ್ರೆಯನ್ನು ಈ ಮನುಷ್ಯ ಮುಟ್ಟಬಾರದು ಅಂತ ತಕರಾರು ತೆಗೆದರು. ಅದಕ್ಕೂ ಮುಂಚೆ, ಬರೋಡದಿಂದ ಅವಮಾನ ಉಂಡು ಮುಂಬೈಗೆ ಬಂದ ಮೇಲೆ, ಷೇರುಗಳ ವ್ಯವಹಾರದಲ್ಲಿ ಸಲಹೆ ಕೊಡುವ ಒಂದು ಸಣ್ಣ ಕಚೇರಿಯನ್ನೂ ಅವರು ತೆರೆದಿದ್ದರು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದ ಮನುಷ್ಯ, ಸಲಹೆಗೇನು ಕಮ್ಮಿ? ಗಿರಾಕಿಗಳು ಬಂದರು. ಸಲಹೆ ಕೊಡುವವನ ಜಾತಿ ಗೊತ್ತಾಯಿತು, ಗಿರಾಕಿಗಳು ನಿಂತರು, ಕಚೇರಿ ಮುಚ್ಚಿತು. ರೂಪಾಯಿಯ ಸಮಸ್ಯೆಯ ಮೇಲೆ 1923ರಲ್ಲಿ ಗ್ರಂಥ ಬರೆದವರ ಅಂಗಡಿ, ಕೂತವನ ಜಾತಿಯ ದೆಸೆಯಿಂದ ಮುಚ್ಚಿಹೋಯಿತು. ನಾವು ಆ ಹುಡುಗಿಗೆ "ಬಾಬಾಸಾಹೇಬರು ಸೋಪು ಮಾರೋಕೆ ಓದಿಸಿದ್ರಾ" ಅಂದೆವಲ್ಲ, ಆಗ ಇದು ನಮಗೆ ನೆನಪಿರಲಿಲ್ಲ.

ಈಗ 1967ಕ್ಕೆ ಬರೋಣ. ಆ ವರ್ಷ ಹಾರ್ವರ್ಡ್ ವ್ಯಾಪಾರ ಶಾಲೆಯ ಮೊದಲ ವರ್ಷಕ್ಕೆ ಸೇರಿದ ನೂರಾರು ವಿದ್ಯಾರ್ಥಿಗಳಲ್ಲಿ ಕರಿಯರು 6 ಜನ. ಅವರಲ್ಲಿ ಒಬ್ಬಾಕೆ ಲಿಲಿಯನ್ ಲಿಂಕನ್. ವರ್ಜೀನಿಯಾದ ಹಳ್ಳಿಗಾಡಿನ ಹುಡುಗಿ. ಶಾಲೆ ಮುಗಿಸಿ ನ್ಯೂಯಾರ್ಕ್‌ಗೆ ಹೋಗಿ ಸಾಹುಕಾರರ ಮನೆಯಲ್ಲಿ ಕೆಲಸದಾಕೆಯಾಗಿ ದುಡಿದಳು. ಆಮೇಲೆ ವಾಷಿಂಗ್ಟನ್ನಿಗೆ ಬಂದು ಟೈಪಿಸ್ಟ್ ಆದಳು. ಓರಗೆಯವರು ಪದವಿ ಮುಗಿಸುವ ವಯಸ್ಸಿಗೆ ಈಕೆ ಹೊವಾರ್ಡ್ ವಿಶ್ವವಿದ್ಯಾಲಯ ಸೇರಿದಳು. ಅಲ್ಲಿ ಸಿಕ್ಕ ಮೇಷ್ಟರು ಯಾರು? ಅದೇ ಫಿಟ್ಸ್‌ಹ್ಯೂ. "ನೀನು ಹಾರ್ವರ್ಡ್‌ಗೆ ಹೋಗು" ಅಂತ ಹುರಿದುಂಬಿಸಿದವರು ಅವರೇ. ತಾನು ಓದಿ ಕೆಲಸ ಸಿಗದೆ ವಾಪಸು ಬಂದ ಶಾಲೆಗೇ ತನ್ನ ಶಿಷ್ಯೆಯನ್ನು ಕಳಿಸಿದ ಮೇಷ್ಟರು! ಅವರೇನಾದರೂ ನಮ್ಮ ಹಾಗೆ ಟೀ ಕುಡೀತಾ ನಕ್ಕಿದ್ದರೆ?

ಆ ಶಾಲೆಯಲ್ಲಿ ಪಾಠ ಹೇಗೆ ನಡೆಯುತ್ತದೆ ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ವಿಷಯದ ಬೇರು ಇರೋದು ಅಲ್ಲೇ. ಅಲ್ಲಿ ಮೇಷ್ಟರು ನಿಂತು ಉಪನ್ಯಾಸ ಮಾಡುವುದು ಕಮ್ಮಿ. 'ಕೇಸ್' ಅಂತ ಹತ್ತಿಪ್ಪತ್ತು ಪುಟದ ಬರಹ ಕೊಡುತ್ತಾರೆ. ಯಾವುದೋ ಕಂಪನಿಯ ನಿಜವಾದ ತೊಡಕು: ಕಾರ್ಖಾನೆ ಮುಚ್ಚಬೇಕೋ ಬೇಡವೋ, ಬೆಲೆ ಏರಿಸಬೇಕೋ ಇಳಿಸಬೇಕೋ, ಇಂಥದ್ದು. ರಾತ್ರಿಯೆಲ್ಲ ಅದನ್ನು ಓದಿ ಲೆಕ್ಕ ಹಾಕಿ ಬರಬೇಕು. ಮಾರನೇ ದಿನ ಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ ಕೊಠಡಿಯಲ್ಲಿ ಮೇಷ್ಟರು ಇದ್ದಕ್ಕಿದ್ದಂತೆ ಒಬ್ಬರ ಕಡೆ ಕೈ ತೋರಿಸುತ್ತಾರೆ: "ನೀನಾಗಿದ್ದರೆ ಏನು ಮಾಡ್ತಿದ್ದೆ? ಹೇಳು." ಅಲ್ಲಿಂದ ವಾದ ಶುರು. ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸಬೇಕು. ಅಂಕಗಳಲ್ಲಿ ದೊಡ್ಡ ಪಾಲು ಕೊಠಡಿಯಲ್ಲಿ ಆಡಿದ ಮಾತಿಗೆ. ಬಾಯಿ ಬಿಡದವನು ಫೇಲು.

ಅಂದರೆ ಏನಾಯಿತು? ಬಾಯಿ ಬಿಟ್ಟರೆ ಅಂಕ ಕೊಡುವ ಶಾಲೆ ಅದು. ಬಾಯಿ ಬಿಟ್ಟರೆ ಹೊಡೆತ ಬೀಳುವ ಜಾಗದಿಂದ ಬಂದವರು ಅಲ್ಲಿಗೆ ಹೋದರೆ? ಗೌಡರ ಜಗಲಿ ಮುಂದೆ ಟವೆಲು ಕಂಕುಳಿಗೆ ಇಟ್ಟು ನಿಂತ ಅಪ್ಪನ ಮಕ್ಕಳು ನಾವು. ಕಾಲೇಜಿನಲ್ಲಿ ಮೇಷ್ಟರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ನಾಲಿಗೆ ಒಣಗಿದ್ದು ನಮಗೆಲ್ಲ ಗೊತ್ತಿದೆ. ನೂರರ ಹತ್ತಿರ ಬಿಳಿಯರು ಕೂತ ಕೊಠಡಿ. 6 ಜನರನ್ನು ಅಂಥ ಕೊಠಡಿಗಳಿಗೆ ಹಂಚಿದರೆ ಪ್ರತಿ ಕೊಠಡಿಗೆ ಒಬ್ಬರೂ ಬರಲ್ಲ. ಆ ಒಬ್ಬ ಮಾತಾಡಿದರೆ ಅದು ಅವನ ಮಾತಲ್ಲ, 'ಕರಿಯರ ಮಾತು'. ತಪ್ಪಿದರೆ ಅದು 'ಕರಿಯರ ತಪ್ಪು'. ಇನ್ನು ಕೇಸುಗಳೊಳಗೆ ತೊಡಕು ಬಿಡಿಸುವ ಯಜಮಾನನಾಗಿ ಬರುವವನು ಯಾವಾಗಲೂ ಬಿಳಿಯ. ತನ್ನವರ ಒಂದು ಅಂಗಡಿ, ತನ್ನವರ ಒಂದು ಬೀದಿ ಆ ಸಾವಿರಾರು ಪುಟಗಳಲ್ಲಿ ಕಾಣುವುದಿಲ್ಲ.

ಆ ಹೊತ್ತಿಗೆ ಹೊರಗೆ ಏನು ನಡೀತಿತ್ತು? 1968ರ ಫೆಬ್ರವರಿ 1. ಮೆಂಫಿಸ್ ನಗರ. ಮಳೆ. ಕಸ ಎತ್ತುವ ಇಬ್ಬರು ಕರಿಯ ಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಬದಿ ಸೇರಿಕೊಂಡರು. ಕಸ ಅರೆಯುವ ಯಂತ್ರ ಚಾಲೂ ಆಯಿತು. ಇಬ್ಬರೂ ಅದರೊಳಗೆ ಅರೆದುಹೋದರು. ಹೆಸರು ಹೇಳಬೇಕು: ಎಕೋಲ್ ಕೋಲ್, ರಾಬರ್ಟ್ ವಾಕರ್. ಹತ್ತು ಹನ್ನೆರಡು ದಿನದಲ್ಲಿ 1,300 ಕಸದ ಕಾರ್ಮಿಕರು ಕೆಲಸ ನಿಲ್ಲಿಸಿದರು. 'ನಾನೂ ಮನುಷ್ಯ' ಅನ್ನುವ ಅರ್ಥದ ಬೋರ್ಡು ಕೊರಳಿಗೆ ಕಟ್ಟಿಕೊಂಡು ಬೀದಿಯಲ್ಲಿ ಸಾಲಾಗಿ ನಡೆದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಪ್ರಿಲ್ 4ರಂದು ಅದೇ ಊರಲ್ಲಿ ಗುಂಡಿಟ್ಟು ಕೊಂದರು. ಜಗತ್ತು ಕಿಂಗ್ ಸತ್ತಿದ್ದನ್ನು ನೆನೆಯುತ್ತದೆ. ಪೊರಕೆ ಹಿಡಿದವರ ಹೋರಾಟಕ್ಕೆ ಬಂದು ಸತ್ತರು ಅನ್ನೋದನ್ನ ಮರೆಯುತ್ತದೆ. ಮ್ಯಾನ್‌ಹೋಲಿಗಿಳಿದು ಉಸಿರುಗಟ್ಟಿ ಸತ್ತ ನಮ್ಮವರ ಹೆಸರು ಎಷ್ಟು ನಮಗೆ ನೆನಪಿದೆ? ಇರಲಿ.

ಆ ಬೇಗೆಯ ವರ್ಷದಲ್ಲೇ, ನದಿಯಾಚೆಯ ಶಾಲೆಯಲ್ಲಿ 5 ಜನ ಕರಿಯ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿದರು. ಕ್ಲಿಫರ್ಡ್ ಡಾರ್ಡನ್, ಲಿಲಿಯನ್ ಲಿಂಕನ್, ಥಿಯೋಡರ್ ಲೂಯಿಸ್, ಜಾರ್ಜ್ ಪ್ರೈಸ್, ಲೆರಾಯ್ ವಿಲ್ಲಿಸ್. ಐದೇ ಜನ. ನಮ್ಮ ತಾಲ್ಲೂಕು ಶಾಖೆಗಿಂತ ಕಮ್ಮಿ! ಅವರು ಕಲ್ಲು ಎಸೆಯಲಿಲ್ಲ, ಕಟ್ಟಡ ಆಕ್ರಮಿಸಲಿಲ್ಲ. (ಆ ವರ್ಷ ಅಮೆರಿಕದ ಬೇರೆ ಕಡೆ ವಿದ್ಯಾರ್ಥಿಗಳು ಅದನ್ನೂ ಮಾಡಿದರು. ಬಾಬಾಸಾಹೇಬರು ಓದಿದ ಕೊಲಂಬಿಯಾದಲ್ಲೇ ಮಾಡಿದರು. ನಾವು ಅದನ್ನು ಹಳಿಯಲ್ಲ.) ಈ ಐವರು ಡೀನ್ ಜಾರ್ಜ್ ಬೇಕರ್ ಅವರ ಮುಂದೆ ಹೋಗಿ ಕೂತರು. ಕೇಳಿದ್ದು ಸೀದಾ ವಿಷಯ: ನಮ್ಮ ಜನ ಇಲ್ಲಿ ಯಾಕಿಲ್ಲ? ಕರೆಯುವ ಕಡೆ ಹೋಗಿ ಕರೆಯಿರಿ, ದುಡ್ಡಿಲ್ಲದವರಿಗೆ ದುಡ್ಡಿನ ದಾರಿ ಮಾಡಿ. ಡೀನ್ ಒಪ್ಪಿದರು. ಹುಡುಕಿಕೊಂಡು ಹೋಗುವ ಕೆಲಸಕ್ಕೆ ವಿದ್ಯಾರ್ಥಿಗಳೇ ನಿಂತರು. ತಮ್ಮ ಓದು, ಆ ರಾತ್ರಿಯ ಕೇಸು, ಮಾರನೇ ದಿನದ ಬಾಯಿಪಾಠ, ಎಲ್ಲದರ ನಡುವೆ ಈ ಕೆಲಸ.

ಆ ವರ್ಷ ಸೇರಿದ ಹೊಸ ತಂಡದಲ್ಲಿ ಕರಿಯರು 27 ಜನ.

6 ಜನ 27 ಆದರು. ಒಂದೇ ವರ್ಷದಲ್ಲಿ. ನಾವು ನಿಮ್ಮನ್ನು ಕೇಳ್ತೀವಿ, ಒಂದು ಬೇಸಿಗೆಯಲ್ಲಿ ಕರಿಯರ ಬುದ್ಧಿ ನಾಲ್ಕೂವರೆ ಪಟ್ಟು ಬೆಳೆಯಿತೆ? ಕಾಳಿಗೆ ಗೊಬ್ಬರ ಹಾಕಿದ ಹಾಗೆ ತಲೆಗೆ ಯಾರಾದರೂ ಗೊಬ್ಬರ ಹಾಕಿದರೆ? ಬುದ್ಧಿ ಇದ್ದ ಹಾಗೇ ಇತ್ತು. ಬದಲಾದದ್ದು ಕರೆಯುವ ಕೈ, ಫೀಸಿನ ದಾರಿ, 'ಅಲ್ಲಿ ನಮ್ಮವರಿದಾರೆ' ಅನ್ನುವ ಧೈರ್ಯ. ನಮ್ಮ ಮುಂದೆ ಯಾರಾದರೂ 'ಮೆರಿಟ್' ಅಂತ ಬಾಯಿ ತೆರೆದಾಗ ನಾವು ಉದ್ದ ಭಾಷಣ ಮಾಡೋದು ಬೇಡ. 6 ಮತ್ತು 27, ಈ ಎರಡು ಅಂಕಿ ಹೇಳಿದರೆ ಸಾಕು.

ನಮ್ಮಲ್ಲೂ ಇದಕ್ಕೆ ಒಂದು ಕೊಂಡಿ ಇದೆ. 1961ರಲ್ಲಿ ಅಹಮದಾಬಾದಿನ ಐ.ಐ.ಎಂ. ಹುಟ್ಟಿದ್ದೇ ಈ ಹಾರ್ವರ್ಡ್ ಶಾಲೆಯ ಸಹಕಾರದಲ್ಲಿ. ಕೇಸ್ ಪದ್ಧತಿ ಅಲ್ಲಿಂದಲೇ ಹಡಗು ಹತ್ತಿ ಬಂತು. ಸಂಘ ಕಟ್ಟಿದ ಐದು ಜನ ಮಾತ್ರ ಆ ಹಡಗಿನಲ್ಲಿ ಬರಲಿಲ್ಲ, ಬಿಡಿ. ಬೆಂಗಳೂರಿನ ಐ.ಐ.ಎಂ. ಶುರುವಾದದ್ದು 1973ರಲ್ಲಿ. 1973 ಅಂದರೆ ಯಾವ ವರ್ಷ? ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದ ವರ್ಷ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿಯ ಮೇಲೆ ಕಾಲೇಜು ಹುಡುಗರು ಬಿದ್ದ ವರ್ಷ, ಹಾಸ್ಟೆಲಿನ ನಮ್ಮ ಹುಡುಗರಿಗೆ ಏಟು ಬಿದ್ದ ವರ್ಷ. ನಮ್ಮ ಹಿರಿಯರು ಬೂಸಾ ಜಗಳದಲ್ಲಿ ರಕ್ತ ಸುರಿಸುತ್ತಿದ್ದಾಗ ಅದೇ ರಾಜ್ಯದಲ್ಲಿ ದೇಶದ ದುಡ್ಡಿನ ಮೇಷ್ಟರುಗಳ ಮನೆಗೆ ದೀಪ ಹಚ್ಚುತ್ತಿದ್ದರು. ಆಮೇಲೆ ಬನ್ನೇರುಘಟ್ಟ ರಸ್ತೆಯಲ್ಲಿ ಬಾಲಕೃಷ್ಣ ದೋಶಿಯವರ ನಕ್ಷೆಯ ಕಲ್ಲಿನ ಕಟ್ಟಡ ಎದ್ದಿತು. ಸೊಗಸಾದ ಕಟ್ಟಡವಂತೆ, ಮರ ಬಳ್ಳಿಯ ನೆರಳಿನ ಕಲ್ಲು ಹಾದಿಗಳಂತೆ. ಆ ಕಲ್ಲು ಒಡೆದವರು, ಹೊತ್ತವರು ಯಾವ ಕೇರಿಯವರು ಅಂತ ಕೇಸ್ ಬರೆದವರು ಇದಾರೋ ಇಲ್ಲವೋ.

ಪರಿಶಿಷ್ಟರಿಗೆ ಅಲ್ಲಿ ಸೀಟು ಮೊದಲೇ ಇದ್ದವು. ಕೇಂದ್ರದ ಶಿಕ್ಷಣ ಸಂಸ್ಥೆಗಳಲ್ಲಿ ಹಿಂದುಳಿದವರಿಗೂ ಶೇಕಡ 27 ಕೊಡುತ್ತೇವೆ ಅಂತ 2006ರಲ್ಲಿ ಹೊರಟಾಗ ಏನಾಯಿತು ನೆನಪಿಸಿಕೊಳ್ಳಿ. ದೆಹಲಿಯಲ್ಲಿ ಡಾಕ್ಟರಿಕೆ ಓದುವ ಮಕ್ಕಳು ಬೀದಿಗಿಳಿದು ಕಸ ಗುಡಿಸಿದರು, ಬೂಟು ಪಾಲೀಷು ಮಾಡಿದರು. ಪ್ರತಿಭಟನೆಯಂತೆ! ನಮ್ಮ ಅವ್ವ ದಿನಾ ಮಾಡುವ ಕೆಲಸ ಅವರಿಗೆ ಒಂದು ದಿನದ ಅವಮಾನದ ನಾಟಕ. ಮೆಂಫಿಸ್‌ನಲ್ಲಿ ಪೊರಕೆ ಹಿಡಿದವರು ಮನುಷ್ಯರಾಗಲು ಬೀದಿಗೆ ಬಂದರು. ದೆಹಲಿಯಲ್ಲಿ ಬೀದಿಗೆ ಬಂದವರು ಪೊರಕೆ ಹಿಡಿದು ತೋರಿಸಿದ್ದು, ನಮ್ಮನ್ನು ಇವರ ಹಾಗೆ ಮಾಡ್ತೀರಾ ಅಂತ. ಸುಪ್ರೀಂ ಕೋರ್ಟು 2008ರ ಏಪ್ರಿಲ್ 10ರಂದು ಆ ಕಾನೂನನ್ನು ಎತ್ತಿಹಿಡಿಯಿತು. ಬೆಂಚಿನ ಮೇಲೆ ಜಾಗ ಆಯಿತು. ಕಪ್ಪುಹಲಗೆಯ ಮುಂದೆ? ಅಧ್ಯಾಪಕರ ಹುದ್ದೆಗೂ ಮೀಸಲಾತಿ ಅಂತ 2019ರಲ್ಲಿ ಕಾಯಿದೆ ಬಂತು. ಅದರ ಬೆನ್ನಿಗೇ ಐ.ಐ.ಎಂ.ಗಳು, ನಮಗೆ ವಿನಾಯಿತಿ ಕೊಡಿ ಅಂತ ಕೇಂದ್ರ ಸರ್ಕಾರಕ್ಕೆ ಬರೆದವು. ಫಿಟ್ಸ್‌ಹ್ಯೂ ಥರದ ಒಬ್ಬ ಮೇಷ್ಟರು ಇದ್ದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿರಬೇಕು.

ಈಗ ನಮ್ಮೊಳಗಿನ ಜಗಳಕ್ಕೆ ಬರೋಣ. ನಮ್ಮ ಹಿರಿಯ ಸಂಗಾತಿಯೊಬ್ಬರು ಈ ಕಥೆ ಕೇಳಿ ಹೇಳಿದರು: "ಸರಿಯಪ್ಪಾ, 27 ಜನ ಒಳಗೆ ಹೋದರು. ಬಂಡವಾಳಗಾರರಾಗಿ ಹೊರಗೆ ಬಂದರು. ಕೇರಿಗೆ ಏನು ಬಂತು?" ಈ ಪ್ರಶ್ನೆ ಸಣ್ಣದಲ್ಲ. ಅದೇ 1968ರ ಚುನಾವಣೆಯಲ್ಲಿ ನಿಕ್ಸನ್ 'ಕರಿಯರ ಬಂಡವಾಳಶಾಹಿ' ಅನ್ನುವ ಮಾತು ಎತ್ತಿದ. ಬೀದಿಯಲ್ಲಿ ಹೊತ್ತಿದ ಬೆಂಕಿಗೆ ಅಂಗಡಿ ಲೈಸೆನ್ಸಿನ ನೀರು. ಹೋರಾಟದ ಕೈಗೆ ಗಲ್ಲಾಪೆಟ್ಟಿಗೆ ಕೊಟ್ಟು ಮುಷ್ಟಿ ಬಿಚ್ಚಿಸುವ ಉಪಾಯ ಅದಾಗಿತ್ತು ಅಂತ ನಮಗೂ ಅನ್ನಿಸುತ್ತದೆ. ನಮ್ಮಲ್ಲೂ 2005ರಿಂದ ದಲಿತ ಉದ್ಯಮಿಗಳ ಸಂಘ ಇದೆ, ಕೆಲಸ ಕೇಳುವವರಲ್ಲ, ಕೆಲಸ ಕೊಡುವವರಾಗಿ ಅನ್ನುತ್ತಾರೆ. ಒಳ್ಳೆ ಮಾತೇ. ಆದರೆ ಕೊಡುವ ಕೆಲಸಕ್ಕೆ ಕೂಲಿ ಎಷ್ಟು ಅಂತ ಕೇಳುವ ಹಕ್ಕು ನಮಗಿದೆ.

ಲಿಲಿಯನ್ ಲಿಂಕನ್ ಕಥೆಯಲ್ಲೇ ಇದು ಇದೆ. 1969ರಲ್ಲಿ ಆಕೆ ಆ ಶಾಲೆಯಿಂದ ಎಂ.ಬಿ.ಎ. ಪಡೆದ ಮೊದಲ ಕರಿಯ ಹೆಂಗಸಾದಳು. 1976ರಲ್ಲಿ ತನ್ನ ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ ಕಂಪನಿ ಶುರು ಮಾಡಿದಳು. ಯಾವ ಕಂಪನಿ? ಕಟ್ಟಡಗಳನ್ನು ಗುಡಿಸಿ ಒರೆಸಿ ಸ್ವಚ್ಛ ಮಾಡುವ ಗುತ್ತಿಗೆ ಕಂಪನಿ. ಮತ್ತೆ ಪೊರಕೆಯೇ! ಆದರೆ ಈ ಸಲ ಪೊರಕೆಯ ಲೆಕ್ಕ ಆಕೆಯದು. ಬೆಳೆದು ಬೆಳೆದು 1,200 ಜನ ಕೆಲಸಗಾರರ ಕಂಪನಿಯಾಯಿತು, 2001ರಲ್ಲಿ ಮಾರಿದಳು. ನಮ್ಮಲ್ಲಿ ಕೆಲವರಿಗೆ ಇದು ಹೆಮ್ಮೆ ತಂದಿತು. ಕೆಲವರಿಗೆ ಎದೆಯಲ್ಲಿ ಮುಳ್ಳು ಆಡಿತು. 2022ರಲ್ಲಿ ಬೆಂಗಳೂರಿನಲ್ಲಿ ಕೆಲಸ ಖಾಯಂ ಮಾಡಿ ಅಂತ ಪೌರಕಾರ್ಮಿಕರು ಮುಷ್ಕರ ಕೂತಾಗ ನಾವು ಅವರ ಜೊತೆ ಕೂತಿದ್ದೆವು. ಗುತ್ತಿಗೆದಾರ ಅನ್ನುವ ಪದ ಕೇಳಿದರೆ ನಮಗೆ ಮೈ ಉರಿಯುತ್ತದೆ. ಗುತ್ತಿಗೆದಾರನೇ ನಮ್ಮವನಾದರೆ? ನಾವು ರಾತ್ರಿ ಒಂದು ಗಂಟೆಯವರೆಗೆ ಜಗಳವಾಡಿದೆವು. ತೀರ್ಮಾನ ಆಗಲಿಲ್ಲ. ಆಗಿದೆ ಅಂತ ಸುಳ್ಳು ಹೇಳಲ್ಲ.

ಒಂದು ಮಾತ್ರ ಎಲ್ಲರೂ ಒಪ್ಪಿದೆವು. ದುಡ್ಡಿನ ಲೆಕ್ಕ ಬಾರದವನ ಕೂಲಿಯನ್ನು ಯಾರು ಬೇಕಾದರೂ ತಿನ್ನುತ್ತಾರೆ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ತಾತಂದಿರು ಯಾವ ಬಂಡವಾಳಶಾಹಿಯನ್ನು ಸೋಲಿಸಿದರು? ಬಡ್ಡಿಯ ಲೆಕ್ಕ ತಿಳಿಯದ್ದಕ್ಕೇ ಅಲ್ಲವೇ ಮೂರು ತಲೆಮಾರು ಜೀತಕ್ಕೆ ಬಿದ್ದದ್ದು?

ಹಾರ್ವರ್ಡಿನಲ್ಲಿ ಎಲ್ಲ ಸರಿಹೋಯಿತು ಅಂತಲೂ ತಿಳಿಯಬೇಡಿ. 1968ರಿಂದ 52 ವರ್ಷ ಕಳೆದು 2020ರಲ್ಲಿ, ಜಾರ್ಜ್ ಫ್ಲಾಯ್ಡ್‌ನನ್ನು ಪೊಲೀಸನೊಬ್ಬ ಮಂಡಿಯೂರಿ ಕೊಂದ ಮೇಲೆ, ಆ ಶಾಲೆಯ ಆಗಿನ ಡೀನ್ ನಿತಿನ್ ನೊಹ್ರಿಯಾ, ವರ್ಣಭೇದದ ವಿರುದ್ಧ ಶಾಲೆ ಸರಿಯಾಗಿ ಹೋರಾಡಲಿಲ್ಲ ಅಂತ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಭಾರತದಿಂದ ಹೋದ ಮನುಷ್ಯ ಅವರು. ಅವರ ನಂತರ 2021ರಲ್ಲಿ ಡೀನ್ ಆದ ಶ್ರೀಕಾಂತ್ ದಾತಾರ್ ಕೂಡ ಇಲ್ಲಿಂದ ಹೋದವರೇ, ಅಹಮದಾಬಾದಿನ ಐ.ಐ.ಎಂ.ನಲ್ಲಿ ಓದಿದವರು. ಇನ್ನು 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು, ಹಾರ್ವರ್ಡನ್ನೇ ಪ್ರತಿವಾದಿ ಮಾಡಿದ್ದ ಮೊಕದ್ದಮೆಯಲ್ಲಿ, ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ತೀರ್ಪು ಕೊಟ್ಟಿತು. ಐದು ಜನ ತೆರೆಸಿದ ಬಾಗಿಲನ್ನು ಆರು ಜನ ನ್ಯಾಯಾಧೀಶರು ಅರ್ಧ ಎಳೆದರು. ನಮ್ಮ ಕೋರ್ಟುಗಳಲ್ಲೂ ಅರ್ಜಿ ಹಿಡಿದು ನಿಂತವರು ಇದ್ದಾರೆ, ಅವರೂ ಇದನ್ನು ಓದಿರುತ್ತಾರೆ.

ಇನ್ನು ಆ ಹುಡುಗಿ. ಇದೆಲ್ಲ ಓದಿದ ಮೇಲೆ ನಾವು ಮೂರು ಜನ ಅವಳ ಮನೆಗೆ ಹೋದೆವು. ಅವಳ ಅವ್ವ ಚಾಪೆ ಹಾಸಿ ಕೂರಿಸಿದರು. ತಪ್ಪಾಯ್ತು ಕಣಮ್ಮಾ, ಪರೀಕ್ಷೆ ಕಟ್ಟು, ಫೀಸಿಗೆ ನಾವು ಚಂದಾ ಎತ್ತುತ್ತೇವೆ ಅಂದೆವು. ಅವಳು, "ನೀವು ನಕ್ಕ ಮಾರನೇ ದಿನವೇ ಅರ್ಜಿ ಹಾಕಾಯ್ತಣ್ಣಾ" ಅಂದಳು. ಇನ್ನೊಂದು ಮಾತು ಕೇಳಿದಳು: "ಮೂರು ವರ್ಷದಿಂದ ಪತ್ರಿಕೆ ಮಾರಿದ ದುಡ್ಡಿನ ಲೆಕ್ಕ ಎಲ್ಲಿ ಬರೆದಿದೀರ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಗದ ತಂದ ಚೀಟಿ, ಮಸಿಯ ಚೀಟಿ, ಅಂಚೆಯ ಚೀಟಿ ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ತಂದುಕೊಡಿ ಅಂದಳು.

ಈಗ ಪ್ರತಿ ಭಾನುವಾರ ಮಧ್ಯಾಹ್ನ ಇದೇ ಕೊಠಡಿಯಲ್ಲಿ ಕೂರುತ್ತೇವೆ. ಮೊದಲ ಒಂದು ಗಂಟೆ ಲೆಕ್ಕ, ಅವಳೇ ಹೇಳಿಕೊಡುತ್ತಾಳೆ. ಆಮೇಲೆ ಒಬ್ಬೊಬ್ಬರೇ ಎದ್ದು ನಿಂತು ಇಂಗ್ಲಿಷಿನಲ್ಲಿ ಐದು ನಿಮಿಷ ವಾದ ಮಾಡಬೇಕು, ತಪ್ಪಾದರೂ ಸರಿ, ನಗುವ ಹಾಗಿಲ್ಲ. ಪರೀಕ್ಷೆ ಕಟ್ಟುವವರು ಜಾತಿ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ನಮೂನೆಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ. ತಹಸೀಲ್ದಾರ್ ಕಚೇರಿಗೆ ಅಲೆಯುವುದಕ್ಕೆ ಎಷ್ಟು ದಿನ ಬೇಕು ಅಂತ ನಿಮಗೆ ಗೊತ್ತೇ ಇದೆ. ಬಾಗಿಲಲ್ಲಿ ಈ ಸಂಚಿಕೆ ಮಾರುತ್ತಾ ಕೂತಿರುವವಳು ಅವಳೇ. ದುಡ್ಡು ಕೊಟ್ಟವರು ರಸೀದಿ ಈಸಿಕೊಂಡು ಹೋಗಿ, ಇಲ್ಲದಿದ್ದರೆ ಸಂಜೆ ನಮಗೆ ಬೈಗುಳ.

ಜೈ ಭೀಮ್.